ಊರಿಗೊಂದು ಗಂಟು

ಶಾರದಕ್ಕ, ನಿಮ್ಮ ಕೈ ನಿಧಾನವಿರಲಿಲ್ಲ. ನಿಧಾನವಾಗಿದ್ದದ್ದು ನಾನು ಅಣಿಮಾಡಿಕೊಟ್ಟ ಕಂಪ್ಯೂಟರು. ಗೊತ್ತಿದ್ದೂ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆ – ಇಷ್ಟು ಹೇಳಲು ನನಗೆ ಹದಿನೆಂಟು ವರ್ಷ ಬೇಕಾಯಿತು.

ಕೇಶ್ವಾಪುರದ ಆ ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳ ಹಳೆಯ ಕಾಗದಗಳನ್ನು ನೀವು ಕೆಂಪು ಅರಿವೆಯಲ್ಲಿ ಊರಿಗೊಂದರಂತೆ ಗಂಟು ಕಟ್ಟಿಡುತ್ತಿದ್ದಿರಿ. ಕುಂದಗೋಳದವರು ಬಂದರೆ ಕುಂದಗೋಳದ ಗಂಟು ಬಿಚ್ಚಿದರಾಯಿತು. ಅವನ್ನೆಲ್ಲ ಸ್ಕ್ಯಾನ್ ಮಾಡಿಸಿ ಲಿನಕ್ಸ್ ಯಂತ್ರಕ್ಕೆ ಏರಿಸಿದವನು ನಾನು. ಲಕ್ಷಕ್ಕೂ ಮಿಕ್ಕ ಫೈಲು – ಎಲ್ಲವನ್ನೂ ಒಂದೇ ಡೈರೆಕ್ಟರಿಯಲ್ಲಿ, ಅಂದರೆ ಒಂದೇ ಗಂಟಿನಲ್ಲಿ, ಸುರಿದೆ. ನೀವು ಮೆಲ್ಲಗೆ ಕೇಳಿದಿರಿ:

“ಸರ, ಇದರಾಗೂ ಊರಿಗೊಂದು ಬ್ಯಾರೆ ಮಾಡಿ ಇಡಾಕ ಬರಂಗಿಲ್ಲೇನ್ರಿ?”

ನಾನು ನಕ್ಕೆ. ಅರಿವೆ ಗಂಟಿನ ಬುದ್ಧಿ ಇಲ್ಲೇಕೆ ಎಂದುಕೊಂಡೆ. ಫೈಲುಗಳನ್ನು ಜೋಡಿಸಿಡಲು ನಾನು ಹಾಕಿದ್ದ ಇಎಕ್ಸ್‌ಟಿ-೨ ಎಂಬ ಫೈಲ್‌ಸಿಸ್ಟಮ್, ಒಂದು ಹೆಸರು ಬೇಕೆಂದರೆ ಪಟ್ಟಿಯನ್ನು ಮೊದಲಿನಿಂದ ಒಂದೊಂದೇ ಓದುತ್ತ ಹೋಗುತ್ತಿತ್ತು. ಸಾವಿರ ಫೈಲಿಗೆ ನಡೆದೀತು, ಲಕ್ಷಕ್ಕೆ... ರೈಸರ್‌ಎಫ್‌ಎಸ್ ಎಂಬ ಇನ್ನೊಂದು ಬಗೆಯದನ್ನು ಹಾಕಿದ್ದರೆ ಥಟ್ಟನೆ ಸಿಗುತ್ತಿತ್ತು. ಹಾಗೆಂದು ಓದಿಯೂ ಇದ್ದೆ. ಆದರೂ ರೂಢಿಯಲ್ಲಿದ್ದುದನ್ನೇ ಹಾಕಿದೆ. ಸೋಮಾರಿತನ, ಅದರ ಮೇಲೆ ಗರ್ವ.

ಬರಬರುತ್ತ ನೀವು ಆ ಯಂತ್ರದಲ್ಲಿ ಒಂದು ಕಾಗದ ತೆರೆಯುವಷ್ಟರಲ್ಲಿ ಬೆಂಚು ತುಂಬತೊಡಗಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕರು ಗೊಣಗುತ್ತಿದ್ದರು. ಡಾಕ್ಟರು ಸಿಡುಕುತ್ತ ಬಂದರು – ನೀವು ಪಕ್ಕದಲ್ಲೇ ನಿಂತಿದ್ದಿರಿ.

“ಯಾಕ್ರಿ ಇಷ್ಟು ತಡಾ ಆಗಾಕತ್ತೈತಿ?”

“ಮಶೀನು ಛಲೋ ಐತ್ರಿ. ಅಕ್ಕಾರಿಗೆ ಇನ್ನೂ ಕೈ ಕುದುರಿಲ್ರಿ” ಎಂದೆ.

ನೀವು ನನ್ನ ಮುಖ ನೋಡಿದಿರಿ. ತಿಂಗಳು ಮುಗಿಯುವಷ್ಟರಲ್ಲಿ ನಿಮ್ಮನ್ನು ಕೆಲಸದಿಂದ ಬಿಡಿಸಿದರು.

ಇನ್ನೂ ಹೊಲಸು ಮುಂದಿದೆ. ನೀವು ಹೋದ ಮೇಲೆ ಒಂದು ರವಿವಾರ ನಾನೊಬ್ಬನೇ ಕೂತು ಫೈಲ್‌ಸಿಸ್ಟಮ್ ಬದಲಿಸಿದೆ. ನೀವು ಹೇಳಿದಂತೆ ಊರಿಗೊಂದು ಡೈರೆಕ್ಟರಿಯನ್ನೂ ಮಾಡಿದೆ. ಮರುದಿನ ಕಾಗದಗಳು ಪಟಪಟನೆ ತೆರೆದುಕೊಂಡವು.

“ನೋಡ್ರಿ, ಕೈ ಬದಲಾದಕೂಡ್ಲೆ ಕೆಲಸ ಎಷ್ಟು ಲಗೂ ಆತು!” ಎಂದರು ಡಾಕ್ಟರು. ನಾನು ಮಾಡಿದ ರಿಪೇರಿಯೇ ನಿಮ್ಮ ಮೇಲೆ ಸಾಕ್ಷಿಯಾಯಿತು. ಆಗಲೂ – ಬಾಯಿ ಬಿಡಲಿಲ್ಲ.

ಮೊನ್ನೆ ಉಣಕಲ್ಲಿನ ಅವರ ಮನೆಗೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರಿಗೀಗ ವಯಸ್ಸಾಗಿದೆ. ಕನ್ನಡಕ ತೆಗೆದಿಟ್ಟು ಹೇಳಿದರು:

“ಹೋಗೂಮುಂದ ಆಕಿ ಒಂದ ಮಾತು ಹೇಳಿದ್ಲಪಾ – ‘ಆ ಕಂಪ್ಯೂಟರ್ ಸರ್‌ಗ ಬೈಬ್ಯಾಡ್ರಿ. ಹೊಸಾ ಕೆಲಸ, ಕಲೀತಾರ’ ಅಂತ. ಯಾಕ ಹಂಗಂದ್ಲು ಅಂತ ನನಗ ಅವತ್ತ ತಿಳೀಲಿಲ್ಲ.”

ನಿಮಗೆ ಎಲ್ಲವೂ ಗೊತ್ತಿತ್ತು, ಶಾರದಕ್ಕ.

ಬರುವ ರವಿವಾರ ಕಮರಿಪೇಟೆಯ ನಿಮ್ಮ ಮನೆಗೆ ಬರುತ್ತೇನೆ. ಬಯ್ಯುವುದಕ್ಕಾದರೂ ಬಾಗಿಲು ತೆಗೆಯಿರಿ.