ಮುದ್ದಯ್ಯನ ಕಾರಿನ ಕುಂಯ್

ಹಂಪಾಪುರದ ಸಂತೆಯ ನಟ್ಟನಡುವೆ ಮುದ್ದಯ್ಯ ಸಿನಿಮಾ ಪ್ರಚಾರದ ಕಾರಿನಲ್ಲಿ ಕೂತು ಮೈಕು ಹಿಡಿದು, ಗಂಟಲು ಸರಿಮಾಡಿಕೊಂಡು, “ಮಹಾಜನಗಳೇ, ಕಲ್ಲನ್ನೂ ಕರಗಿಸುವ ಕರುಣಾಜನಕ ಚಿತ್ರ” ಎಂದು ಶುರುಮಾಡಿದ. ಕಾರಿನ ತಲೆಯ ಮೇಲಿದ್ದ ಎರಡು ಧ್ವನಿವರ್ಧಕದ ಹಾರನ್ನುಗಳು “ಕುಂಯ್” ಎಂದವು. ಡ್ರೈವರ್ ಬೆಳ್ಳ ಕಾರು ಜೋರು ಮಾಡಿದ, ಕುಂಯ್ ಕೂಡ ಜೋರಾಯಿತು. ನಿಧಾನ ಮಾಡಿದ, ಅದೂ ಗೊಣಗುತ್ತ ಇಳಿಯಿತು.

ಮೆಣಸಿನಕಾಯಿ ರಾಶಿಯ ಹಿಂದಿನಿಂದ ಚಿಕ್ಕಬೀರಮ್ಮ ಎದ್ದು ನಿಂತಳು. “ಯಾರ ಕೂಸ್ಲಾ ಅದು? ಆಗ್ಲಿಂದ ಅಳ್ತಾ ಅದೆ. ಅಸಿವಾಗಿರಬೇಕು, ಅವರವ್ವನ ಕೈಗೆ ಕೊಡ್ರಲಾ!”

ಸಂತೆಗೆ ಸಂತೆಯೇ ನಕ್ಕಿತು. ಕರುಣಾಜನಕ ಚಿತ್ರಕ್ಕೆ ಅಷ್ಟೊಂದು ನಗು ಬಿದ್ದದ್ದು ಹಿಂದಿನ ಸೀಟಿನಲ್ಲಿದ್ದ ರುದ್ರಸ್ವಾಮಿಗೆ ಹಿಡಿಸಲಿಲ್ಲ. ಸರಗೂರಿನ ಟೆಂಟ್ ಸಿನಿಮಾ ಅವರದು, ಕಾರೂ ಅವರದು. “ಮುದ್ದಯ್ಯ, ಶುಕ್ರವಾರ ಚಿತ್ರ ಬದಲಾಗತ್ತೆ. ಗುರುವಾರ ಸಾಯಂಕಾಲದೊಳಗೆ ಈ ಅಳು ನಿಲ್ಲಬೇಕು. ಇಲ್ಲದಿದ್ರೆ ಪಿರಿಯಾಪಟ್ಟಣದ ಮೈಕಿನವನನ್ನ ಕರೆಸ್ತೀನಿ. ಅವನ ಸೆಟ್ಟು ಅವನೇ ತರ್ತಾನೆ, ಗಂಟಲೂ ತರ್ತಾನೆ.”

ಮುದ್ದಯ್ಯ ಮೈಕಿನ ಬಾಯಿಗೆ ಕರವಸ್ತ್ರ ಸುತ್ತಿ ತೊಡೆಯ ಮೇಲಿಟ್ಟುಕೊಂಡ. ಸರಗೂರಿಗೆ ಬರುವ ಚಿತ್ರಗಳನ್ನೆಲ್ಲ ಹದಿನೆಂಟು ವರ್ಷದಿಂದ ಕೂಗಿ ಹೇಳಿದ್ದು ಅವನ ಗಂಟಲು. ಮೊದಮೊದಲು ಎತ್ತಿನಗಾಡಿ ಮೇಲೆ ತಗಡಿನ ಆಲಿಕೆ ಹಿಡಿದು ಕೂಗುತ್ತಿದ್ದ. ಎಪ್ಪತ್ತೊಂದರಲ್ಲಿ ಮೈಸೂರಿನಿಂದ ಹನ್ನೆರಡು ವೋಲ್ಟಿನ ಆಂಪ್ಲಿಫೈಯರ್ ತಂದು, ಕಾರಿಗೆ ಯಾರ ಕೈಯನ್ನೂ ತಾಗಿಸದೆ ತಾನೇ ಕೂರಿಸಿದ. ಕಾರು ಬಂದ ಮೇಲೆ ಕಾರುಬಾರು ಶುರುವಾಗಬೇಕಿತ್ತು. ಬದಲಿಗೆ ಈ ಕುಂಯ್ ಬಂತು.

ಇಷ್ಟು ಹೇಳಿದ ಮೇಲೆ ಅವನ ಗುಣವನ್ನೂ ಹೇಳಿಬಿಡಬೇಕು. ಹಿಂದೊಮ್ಮೆ ಕೋಟೆ ಊರಿನ ಮದುವೆಯೊಂದರಲ್ಲಿ, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ, ಯಾರೋ ಅವನ ಮೈಕಿನ ತಂತಿ ಕತ್ತರಿಸಿದ್ದರು. ಯಾರೆಂದು ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಒಬ್ಬನ ಮೇಲೆ ಕೋಪ ಮಾಡಿಕೊಂಡು ಸುಮ್ಮನಾಗುತ್ತಿದ್ದ. ಗೊತ್ತಾಗದೆ ಇಡೀ ತಾಲ್ಲೂಕಿನ ಮೇಲೆ ಅನುಮಾನ ಹಂಚಿಹೋಯಿತು. ಅಗಸರವನಿಂದ ಅಂಗಿ ಬಂದರೆ ಗುಂಡಿ ಎಣಿಸುವನು. ಆಂಪ್ಲಿಫೈಯರ್ ಪೆಟ್ಟಿಗೆಯ ಸ್ಕ್ರೂ ಬಿಗಿದರೆ, ತಲೆಯ ಮೇಲಿನ ಗೀಟುಗಳೆಲ್ಲ ಒಂದೇ ದಿಕ್ಕಿಗೆ, ನಾಮದ ಹಾಗೆ ನೇರ ನಿಲ್ಲಬೇಕು. ಯಾರಾದರೂ ತಿರುಗಿಸಿದರೆ ಗೊತ್ತಾಗಲಿ ಎಂದು. ಕಾನ್ವೆಂಟಿನ ಸಿಸ್ಟರುಗಳು ನೆರೆಯವರನ್ನು ನಿನ್ನಂತೆಯೇ ಕಾಣು ಎಂದು, ಈಗ ಸರಗೂರಿನ ಶಾಲೆಯಲ್ಲಿ ಮೇಷ್ಟ್ರಾಗಿರುವ ನನಗೆ, ಚಿಕ್ಕಂದಿನಲ್ಲಿ ಕಲಿಸಿದ್ದರು. ಮುದ್ದಯ್ಯ ನೆರೆಯವರನ್ನು ಕಾಣುತ್ತಿದ್ದ, ಕಣ್ಣು ಕಿರಿದು ಮಾಡಿಕೊಂಡು.

ಮರುದಿನ, ಬುಧವಾರ, ಕಾರು ಹುಣಸೂರಿಗೆ ಹೊರಟಿತು. ಶಾಲೆಗೆ ಸೀಮೆಸುಣ್ಣ ತರುವ ನೆಪದಲ್ಲಿ ನಾನೂ ಹತ್ತಿದೆ. ದಾರಿಯುದ್ದಕ್ಕೂ ವಿಚಾರಣೆ ನಡೆಯಿತು.

“ಬೆಳ್ಳ, ನಿನ್ನೆ ಕಾರ್ ಯಾರ್ ತೊಳದ್ರು?”

“ನಾನೇ ಕಣಣ್ಣ.”

“ನಾಲ್ಕನೇ ಸ್ಕ್ರೂ ವಾರೆ ಆಗದೆ.”

“ನಾನು ನೀರಲ್ ತೊಳದೆ, ಸ್ಕ್ರೂಡ್ರೈವರಲ್ ಅಲ್ಲ.”

ಮುದ್ದಯ್ಯ ನನ್ನ ಕಿವಿಯ ಹತ್ತಿರ ಬಂದ. “ಪಿರಿಯಾಪಟ್ಟಣದೋನು ಓದ್ವಾರ ಇವನಿಗೆ ಟೀ ಕುಡಿಸಿದ್ನಂತೆ ಮೇಷ್ಟ್ರೇ. ಬನ್ನೂ ಕೊಡಿಸವನೆ. ಬರೀ ಟೀ ಆಗಿದ್ರೆ ಬುಡಿ ಅನ್ಬೋದಿತ್ತು.”

ಹುಣಸೂರಿನ ಬಸ್‌ಸ್ಟಾಂಡ್ ಹಿಂದೆ ಲಿಂಗಯ್ಯನ ಅಂಗಡಿ. ರೇಡಿಯೋ, ಮೋಟಾರು, ಬ್ಯಾಟರಿ, ಎಲ್ಲಕ್ಕೂ ಅವನೇ ವೈದ್ಯ. ಇಂಜಿನ್ ನಿಲ್ಲಿಸಿ ಕೇಳಿದ: ಕುಂಯ್ ಇಲ್ಲ. ಚಾಲೂ ಮಾಡಿಸಿದ: ಕುಂಯ್. “ಬ್ಯಾಟರಿ ಚಾರ್ಜ್ ಮಾಡೋ ಡೈನಮೋ ಹಾಡ್ತಾ ಇದೆ. ಅದು ಹಾಡೋದು ತಪ್ಪಲ್ಲ, ಹಾರನ್ನಿಗೆ ಯಾಕೆ ಬರ್ತಿದೆ ಅನ್ನೋದು ಪ್ರಶ್ನೆ” ಎಂದ. ಕಾರಿನ ಮೈಗೆ ಬಿಗಿದಿದ್ದ ಅರ್ಥ್ ತಂತಿ ಬಿಚ್ಚಿ, ಬಣ್ಣ ಕೆರೆದು, ಮತ್ತೆ ಬಿಗಿದ. ಏನೂ ಬದಲಾಗಲಿಲ್ಲ. ಡೈನಮೋಗೆ ಸದ್ದು ಹೀರುವ ಒಂದು ಕಂಡೆನ್ಸರ್ ಹಾಕಿದ. ಅಳು ಸ್ವಲ್ಪ ಮುಲುಕಾಟಕ್ಕೆ ಇಳಿಯಿತು, ನಿಲ್ಲಲಿಲ್ಲ.

“ಅರ್ಥ್ ಮಾಡಿ ಆಯ್ತು, ಇನ್ನೂ ಅರ್ಥ ಆಗ್ತಿಲ್ಲ” ಎಂದು ಲಿಂಗಯ್ಯ ಬೆವರು ಒರೆಸಿಕೊಂಡ. ಎಂಟಾಣೆ ಕೊಟ್ಟು ಕೊಳ್ಳಬಹುದಾದಂಥ ಮಾತು, ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ.

ಆಂಪ್ಲಿಫೈಯರ್ ಇದ್ದದ್ದು ಹಿಂದೆ ಡಿಕ್ಕಿಯಲ್ಲಿ, ಎರಡು ಬೀಗದೊಳಗೆ. ಮುದ್ದಯ್ಯ ಬೆನ್ನು ಅಡ್ಡಹಿಡಿದು ಬೀಗ ತೆಗೆದ. ಲಿಂಗಯ್ಯ ಮೈಕಿನ ವಾಲ್ಯೂಮು ಪೂರ್ತಿ ಇಳಿಸಿದ. ಹಾರನ್ನು ಗಪ್‌ಚುಪ್. ಏರಿಸಿದ, ಕುಂಯ್. ಈಗ ಮೈಕಿನ ತಂತಿಯ ಪ್ಲಗ್ಗನ್ನೇ ಕಿತ್ತ. ಮತ್ತೆ ಗಪ್‌ಚುಪ್.

“ಸಿಕ್ತು! ಮೈಕಿನ ತಂತಿ ಮೂಲಕ ಬರ್ತಿದೆ. ಮೈಕು ಮುಂದಿನ ಸೀಟಲ್ಲಿದೆ, ಪೆಟ್ಟಿಗೆ ಹಿಂದಿದೆ. ಆ ತಂತಿ ಯಾವ ದಾರೀಲಿ ಬಂದಿದೆ ಮುದ್ದಯ್ಯ?”

ಮುದ್ದಯ್ಯ ಅಂಗಡಿಯ ಬಾಗಿಲು ನೋಡಿದ, ಬೆಳ್ಳನನ್ನು ನೋಡಿದ, ನನ್ನನ್ನೂ ನೋಡಿದ. “ಅದ್ ಏಳಕ್ಕಾಗಲ್ಲ.”

“ಯಾಕೆ?”

“ಏಳಿದ್ರೆ ಕತ್ತರಿಸ್ತಾರೆ.”

“ನಾನು ರಿಪೇರಿ ಮಾಡೋನು ಕಣಯ್ಯ! ನೋವು ಎಲ್ಲಿ ಅಂತ ಹೇಳದೆ ಡಾಕ್ಟರ ಹತ್ರ ಬರೋದು ಯಾತಕ್ಕೆ?”

“ನೀವು ಔಸ್ದಿ ಕೊಡಿ. ಎಲ್ಲಿ ಅಚ್ಕಬೇಕೋ ಅಲ್ಲಿ ನಾ ಅಚ್ಕತೀನಿ.”

ಬುಧವಾರ ಹಾಗೇ ಕಳೆಯಿತು. ಗುರುವಾರ ಮಧ್ಯಾಹ್ನ, ಸರಗೂರಿನ ಟೆಂಟಿನ ಎದುರು, ರುದ್ರಸ್ವಾಮಿ ಪಿರಿಯಾಪಟ್ಟಣಕ್ಕೆ ಕಾಗದ ಬರೆದು ಬಸ್ ಕಂಡಕ್ಟರನ ಕೈಗೆ ಕೊಡಲು ಹೊರಟದ್ದನ್ನು ನಾವೆಲ್ಲ ಕಂಡೆವು. ಮುದ್ದಯ್ಯನ ಮುಖದಲ್ಲಿ ಹದಿನೆಂಟು ವರ್ಷವೂ ಒಟ್ಟಿಗೆ ಇಳಿಯಿತು.

“ಒಂದ್ ಗಳಿಗೆ ತಡೀರಿ ಸ್ವಾಮಿ” ಎಂದು ಕೂಗಿ, ನಮ್ಮ ಕಡೆ ತಿರುಗಿದ. “ಎಲ್ರೂ ಆ ಕಡೆ ಮಕ ಮಾಡ್ಕಳಿ.”

ಬೆಳ್ಳನಿಗೆ ತಡೆಯಲಾಗಲಿಲ್ಲ. “ಸೀಟಿನ್ ಕೆಳಗೆ ಗೋಣಿತಟ್ಟು, ಅದರಡೀಲಿ ಸೈಕಲ್ ಟ್ಯೂಬು, ಅದರೊಳಗೆ ತಂತಿ ತಾನೆ? ಊರ್ಗೆಲ್ಲ ಗೊತ್ತು ಕಣಣ್ಣ. ದಿನಾ ಅದರ ಮೇಲೆ ಕಾಲಿಟ್ಕೊಂಡೇ ನಾನ್ ಕಾರ್ ಓಡ್ಸೋದು.”

ಗೋಣಿತಟ್ಟು ಎತ್ತಿದರು. ಟ್ಯೂಬು ಸೀಳಿದರೆ ಒಳಗೆ ಎರಡು ತಂತಿ! ಇಂಜಿನ್ ಕಡೆಯ ಬ್ಯಾಟರಿಯಿಂದ ಬಂದ ದಪ್ಪ ತಂತಿಯ ಜೊತೆಗೆ, ಯಾರಿಗೂ ಕಾಣದಿರಲೆಂದು, ಮೈಕಿನ ಸಣ್ಣ ತಂತಿಯನ್ನೂ ಹೆಣೆದು ಮಲಗಿಸಿದ್ದ. ಡೈನಮೋದ ಹಾಡೆಲ್ಲ ದಪ್ಪದ್ದರಲ್ಲಿ ಬಂದು ಸಣ್ಣದರ ಕಿವಿಗೆ ಬೀಳುತ್ತಿತ್ತು. ತಾಲ್ಲೂಕಿನವರೆಲ್ಲ ಸೇರಿ ಮಾಡಬಹುದಾದ ಕಿತಾಪತಿಯನ್ನು ಮುದ್ದಯ್ಯ ಒಬ್ಬನೇ, ಅವರಿಂದ ಕಾಪಾಡಿಕೊಳ್ಳಲು, ಮಾಡಿಕೊಂಡಿದ್ದ.

ಸಣ್ಣ ತಂತಿಯನ್ನು ಹೊರಗೆಳೆದು, ಸೀಟಿನ ಮೇಲಿಂದ ದೂರ ಹಿಡಿದು, ಇಂಜಿನ್ ಚಾಲೂ ಮಾಡಿದರು. “ಮಹಾಜನಗಳೇ” ಎಂದ ಮುದ್ದಯ್ಯ. ಮಹಾಜನಗಳೇ ಎಂದಿತು ಹಾರನ್ನು, ಅಷ್ಟೇ. ರುದ್ರಸ್ವಾಮಿ ಕಾಗದ ಮಡಿಸಿ ಜೇಬಿಗಿಟ್ಟರು. ಮುದ್ದಯ್ಯ, ಯಾರೂ ಕೇಳದಿದ್ದರೂ, ಎರಡನೆಯ ಸಲ ಮಹಾಜನಗಳೇ ಎಂದ.

ಶುಕ್ರವಾರ ಬೆಳಗ್ಗೆ ನೋಡಿದರೆ ಕಾರಿನ ನೆತ್ತಿಯ ಮೇಲೆ, ಹಗಲು ಬೆಳಕಿನಲ್ಲಿ, ಕೆಂಪು ತಂತಿಯೊಂದು ಮುಂದಿನಿಂದ ಹಿಂದಿನವರೆಗೆ ಬಯಲಾಗಿ ಮಲಗಿತ್ತು. ಇಡೀ ಸೀಸನ್ನು ಅದು ಹಾಗೆಯೇ ಹಂಪಾಪುರ, ಕೋಟೆ, ಸರಗೂರು ಸುತ್ತಿತು. ಮಕ್ಕಳು ಮುಟ್ಟಿದರು, ಕಾಗೆ ಕೂತಿತು, ಚಿಕ್ಕಬೀರಮ್ಮ ಒಮ್ಮೆ ಅದರ ಮೇಲೆ ಸೆರಗು ಒಣಗಹಾಕಿದಳು. ಯಾರೂ ಕತ್ತರಿಸಲಿಲ್ಲ. ಒಬ್ಬ ಮನುಷ್ಯ ಬದಲಾದದ್ದನ್ನು ಕಣ್ಣಾರೆ ಕಂಡೆನಲ್ಲ ಎಂದು ನನಗೆ ಬಹಳ ಸಂತೋಷವಾಗಿತ್ತು.

ಮಳೆಗಾಲಕ್ಕೆ ಟೆಂಟು ಬಿಚ್ಚುವ ದಿನ ಕೇಳಿಯೇಬಿಟ್ಟೆ. “ಮುದ್ದಯ್ಯ, ತಂತಿ ಬಯಲಲ್ಲೇ ಇತ್ತು, ಯಾರೂ ಮುಟ್ಟಲಿಲ್ಲ. ಈಗಲಾದರೂ ಜನರ ಮೇಲೆ ನಂಬಿಕೆ ಬಂತಾ?”

ಮುದ್ದಯ್ಯ ಆಚೆ ಈಚೆ ನೋಡಿ ದನಿ ಇಳಿಸಿದ.

“ಆ ಕೆಂಪು ತಂತಿ ಎಲ್ಗೂ ಸೇರಿಲ್ಲ ಮೇಷ್ಟ್ರೇ.”