ಗಟ್ಟಿಮೇಳಕ್ಕೆ ಬಂದ ಗ್ರಾಮಫೋನು

ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಚಪ್ಪರದಲ್ಲಿ ಹೆಂಗಸೊಬ್ಬಳು ‘ಹೋದೆಯಾ ಪ್ರಾಣನಾಥಾ’ ಎಂದು ಗಂಟಲು ಹರಿಯುವಂತೆ ಅಳತೊಡಗಿದರೆ ನೀವೇನು ಮಾಡುತ್ತೀರಿ?

ಬಾಯಿ ಮುಚ್ಚಿಸುತ್ತೀರಿ. ಕೈ ಹಿಡಿದು ಆಚೆ ಕಳಿಸುತ್ತೀರಿ. ನಾವೂ ಅದನ್ನೇ ಮಾಡುತ್ತಿದ್ದೆವು. ಆದರೆ ಆಕೆಗೆ ಕೈಯೂ ಇರಲಿಲ್ಲ, ಬಾಯಿಯೂ ಇರಲಿಲ್ಲ. ಇದ್ದದ್ದು ಒಂದು ಕೊಳವೆ, ಒಂದು ಮುಳ್ಳು, ಒಂದು ಕೀಲಿ.

ಹೋದ ವಾರ ಚನ್ನಗಿರಿಯಲ್ಲಿ ನಮ್ಮಣ್ಣನ ದೊಡ್ಡ ಮಗಳು ಗೌರಿಯ ಮದುವೆ. (ಪತ್ರಿಕೆಯ ಈ ಜಾಗದಲ್ಲಿ ನನ್ನ ಬರಹದ ಬದಲು ಕೇಶತೈಲದ ಜಾಹೀರಾತು ಬಂದದ್ದು ಅದಕ್ಕೇ. ಜಾಹೀರಾತೇ ಓದಲು ಚೆನ್ನಾಗಿತ್ತು ಎಂದು ಕಾಗದ ಬರೆದ ಮಹನೀಯರಿಗೆ ನಮಸ್ಕಾರ.) ಆ ಮದುವೆಯ ಕಥೆ ಹೇಳಬೇಕಾದರೆ ಮದುಮಗಳಿಂದ ಶುರುಮಾಡಿ ಪ್ರಯೋಜನವಿಲ್ಲ. ಅವಳ ತಂಗಿ ಸರೋಜಳಿಂದ ಶುರುಮಾಡಬೇಕು.

ಸರೋಜಳಿಗೆ ಹದಿನೈದು ತುಂಬಿದೆ. ಪ್ರಪಂಚದಲ್ಲಿ ಅವಳಿಗೆ ಬೇಕಾದದ್ದು ಮೂರೇ. ಗ್ರಾಮಫೋನಿನಲ್ಲಿ ಬರುವ ನಾಟಕದ ಹಾಡು, ಖಾರ ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬಜ್ಜಿ, ಮತ್ತು ಬಸ್ಸಿನಲ್ಲಿ ಡ್ರೈವರನ ಹಿಂದಿನ ಕಿಟಕಿ ಸೀಟು. ಬಸ್ಸು ಯಾವ ಊರಿಗೆ ಹೋಗುತ್ತದೆ ಅನ್ನುವುದು ಅವಳಿಗೆ ಮುಖ್ಯವಲ್ಲ. ಹೋದರೆ ಸಾಕು.

ನಮ್ಮಣ್ಣನ ಲೆಕ್ಕದಲ್ಲಿ ಈ ಮೂರೂ ಹೆಣ್ಣುಮಕ್ಕಳನ್ನು ಕೆಡಿಸುವ ವಸ್ತುಗಳು. ಹಾಡು ಕಿವಿ ಕೆಡಿಸುತ್ತದೆ, ಬಜ್ಜಿ ಹೊಟ್ಟೆ ಕೆಡಿಸುತ್ತದೆ, ಬಸ್ಸು ಕಾಲು ಕೆಡಿಸುತ್ತದೆ. ಇಷ್ಟು ಕೆಟ್ಟ ಮೇಲೆ ಹುಡುಗಿಯಲ್ಲಿ ಉಳಿಯುವುದಾದರೂ ಏನು? ಅಣ್ಣನ ಮುಂದೆ ಈ ಪ್ರಶ್ನೆ ಕೇಳುವ ಧೈರ್ಯ ನನಗಿಲ್ಲ.

ಮದುವೆಗೆ ಕರೆಯಲು ಹೋಗುವ ಕೆಲಸ ನನ್ನ ತಲೆಗೆ ಬಂತು. ನಮ್ಮ ಕಡೆ ಕರೆಯುವುದೆಂದರೆ ಬಾಯಿಮಾತಲ್ಲ. ಮನೆಯ ಹೆಣ್ಣುಮಗಳೊಬ್ಬಳು ಜೊತೆಗೆ ಬಂದು, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟರೆ ಮಾತ್ರ ಅದು ಕರೆದಂತೆ. ಇಲ್ಲದಿದ್ದರೆ ‘ನಮ್ಮನ್ನ ಕರೀಲೇ ಇಲ್ಲ’ ಎಂದು ಮೊಮ್ಮಕ್ಕಳ ಕಾಲದವರೆಗೂ ಮುನಿಸು. ಅತ್ತಿಗೆಗೆ ಹಪ್ಪಳ ಸಂಡಿಗೆಯಿಂದ ಬಿಡುವಿಲ್ಲ. ಮದುಮಗಳು ಹೊಸ್ತಿಲು ದಾಟುವಂತಿಲ್ಲ. ಉಳಿದವಳು ಯಾರು?

ಕುಂಕುಮದ ಬಟ್ಟಲು ಹಿಡಿದು ಸರೋಜ ಬಸ್ ಸ್ಟ್ಯಾಂಡಿನಲ್ಲಿ ನನಗಿಂತ ಮೊದಲೇ ನಿಂತಿದ್ದಳು.

ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲ, ಬಸ್ಸು ಓಡುವುದು ಇದ್ದಿಲ ಹೊಗೆಯಲ್ಲಿ. ಓಡುವುದು ಎಂದದ್ದು ಮರ್ಯಾದೆಗೆ. ದಿಣ್ಣೆ ಬಂದಲ್ಲೆಲ್ಲ ಗಂಡಸರು ಇಳಿದು ದೂಡಬೇಕು. ಸಾಸ್ವೆಹಳ್ಳಿ ಸೇರುವಷ್ಟರಲ್ಲಿ ನನ್ನ ಬಿಳಿಯ ಕೋಟು ಕರಿಯ ಕೋಟಾಗಿತ್ತು. ಕಿಟಕಿಯಿಂದ ತಲೆ ಹೊರಹಾಕಿ ಸರೋಜ, “ಇನ್ನೊಂಚೂರು ಜೋರಾಗಿ ದೂಡ್ರಿ ಚಿಕ್ಕಪ್ಪ!” ಎನ್ನುತ್ತಿದ್ದಳು. ಟಿಕೆಟ್ಟಿನ ದುಡ್ಡೂ ನನ್ನದೇ.

ಕರೆಯಲು ಬಂದವರು ಬಾಯಿಗೆ ಏನಾದರೂ ಹಾಕಿಕೊಳ್ಳದೆ ಏಳಬಾರದು ಎಂಬುದು ಇನ್ನೊಂದು ಕಟ್ಟಳೆ. ಸಾಸ್ವೆಹಳ್ಳಿಯಲ್ಲಿ ಉಪ್ಪಿಟ್ಟು. ಹೊನ್ನಾಳಿಯಲ್ಲಿ ಒಂದು ಮನೆಯಲ್ಲಿ ಅವಲಕ್ಕಿ, ಪಕ್ಕದ ಮನೆಯಲ್ಲಿ ಮತ್ತೆ ಉಪ್ಪಿಟ್ಟು. ಸಕ್ಕರೆ ರೇಷನ್ನಿನಲ್ಲಿರುವುದರಿಂದ ಎಲ್ಲ ಕಡೆಯೂ ಬೆಲ್ಲದ ಕಾಫಿ. ಸರೋಜ ಎಲ್ಲ ಕಡೆಯೂ ಬೆರಳ ತುದಿಯಲ್ಲಿ ಮುಟ್ಟಿ ತಟ್ಟೆಯನ್ನು ನನ್ನ ಕಡೆ ಸರಿಸುತ್ತಿದ್ದಳು. ಎಷ್ಟು ಸಂಕೋಚದ ಹುಡುಗಿ ಎಂದು ಆ ಮನೆಯವರೆಲ್ಲ ಮೆಚ್ಚಿದರು. ಸಂಕೋಚವೂ ಅಲ್ಲ, ಮಣ್ಣೂ ಅಲ್ಲ. ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳುತ್ತಿದ್ದಳು.

“ಚಿಕ್ಕಪ್ಪ, ಹೊನ್ನಾಳಿತಂಕ ಬಂದು ನ್ಯಾಮತಿಗೆ ಹೋಗ್ದಿದ್ರೆ ಅಲ್ಲಿರೋ ನೆಂಟ್ರು ಏನಂದ್ಕಂತಾರೆ?”

“ನ್ಯಾಮತಿಯಾಗೆ ನಮಗೆ ನೆಂಟ್ರು ಎಲ್ಲದಾರೆ?”

“ಹುಡುಕಿದ್ರೆ ಸಿಗ್ತಾರೆ.”

ಸಿಕ್ಕರು. ಕಾಫಿ ಕ್ಲಬ್ಬಿನ ರುದ್ರಪ್ಪ. ನಮ್ಮ ಅತ್ತಿಗೆಯ ಸೋದರಮಾವನ ಷಡ್ಡಕನ ತಮ್ಮನಂತೆ. ನ್ಯಾಮತಿಯಲ್ಲಿ ಖಾರ ಮಂಡಕ್ಕಿಗೆ ಅವನ ಕೈಯೇ ಕೈ. ಅದಕ್ಕಿಂತ ಮುಖ್ಯವಾಗಿ, ಸುತ್ತಲ ಹತ್ತೂರಿಗೆ ಗ್ರಾಮಫೋನು ಇರುವುದು ಅವನೊಬ್ಬನ ಹತ್ತಿರ. ನೆಂಟಸ್ತನದ ಬೇರು ಎಲ್ಲಿದೆ ಎಂದು ಆಗ ನನಗೆ ತಿಳಿಯಿತು.

ಹೆಂಗಸರು ಹೋಟೆಲಿನಲ್ಲಿ ಕೂರುವ ರೂಢಿ ಇಲ್ಲವಲ್ಲ, ನಮ್ಮನ್ನು ಹಿಂಭಾಗದ ಮನೆಯ ಪಡಸಾಲೆಯಲ್ಲಿ ಕೂರಿಸಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ರುದ್ರಪ್ಪ ರೇಷ್ಮೆ ಶಾಲು ಸರಿಸಿ ಗ್ರಾಮಫೋನನ್ನು ತೋರಿಸಿದ. ಮನೆಯ ಹಿರಿಯರಿಗೆ ಹೊದಿಸುವ ಶಾಲು ಅದು. ಕೀಲಿ ಕೊಟ್ಟು ಪ್ಲೇಟು ಹಾಕಿದ. ಯಾವುದೋ ನಾಟಕದಲ್ಲಿ ರಾಣಿ ಸತ್ತ ಗಂಡನ ಮುಂದೆ ಕೂತು ಹಾಡುವ ಹಾಡು. ಸರೋಜಳ ಕಣ್ಣಲ್ಲಿ ಧಾರಾಕಾರ ನೀರು. ಹಾಡಿಗೋ ಮೆಣಸಿನಕಾಯಿಗೋ ಎಂದು ಕೇಳಿದ್ದಕ್ಕೆ, “ಎಲ್ಡಕ್ಕೂ” ಎಂದಳು. ಅಷ್ಟು ಸುಖವಾಗಿ ಅತ್ತವರನ್ನು ನಾನು ನೋಡಿಲ್ಲ.

ಹೊರಡುವಾಗ ರುದ್ರಪ್ಪನ ಹೆಂಡತಿಗೆ ಕುಂಕುಮ ಕೊಟ್ಟಳು. ರುದ್ರಪ್ಪನಿಗೆ ಅಕ್ಷತೆ ಕೊಟ್ಟಳು. ಆಮೇಲೆ ಸೀದಾ ಹೋಗಿ ಗ್ರಾಮಫೋನಿನ ಕೊಳವೆಗೂ ಒಂದು ಬೊಟ್ಟು ಕುಂಕುಮ ಇಟ್ಟು, “ನೀವೂ ತಪ್ಪದೆ ಬರ್ಬೇಕ್ರಿ” ಎಂದಳು.

ನಾನು ನಕ್ಕೆ. ರುದ್ರಪ್ಪ ನಗಲಿಲ್ಲ. ಗಂಭೀರವಾಗಿ ಕೈ ಮುಗಿದ.

ಮದುವೆಯ ದಿನ ಬೆಳಿಗ್ಗೆ ಅವನ ಗಾಡಿ ನಮ್ಮಣ್ಣನ ಮನೆ ಮುಂದೆ ನಿಂತಿತು. ಹುಲ್ಲಿನ ಮೆತ್ತೆಯ ಮೇಲೆ, ಶಾಲು ಹೊದ್ದು, ಗ್ರಾಮಫೋನು.

“ಇದ್ಯಾಕೆ ತಂದ್ರಿ?” ಎಂದ ಅಣ್ಣ.

“ಕುಂಕುಮ ಇಟ್ಟು ಕರೆದೀರಿ. ಕರೆದ ಮ್ಯಾಲೆ ಬಿಟ್ಟು ಬರಾಕೆ ಹೆಂಗಾಗ್ತೈತ್ರಿ?”

ಕರೆದವರನ್ನು ಬಾಗಿಲಿಂದ ವಾಪಸು ಕಳಿಸಿದ ಅಪಕೀರ್ತಿ ನಮ್ಮ ವಂಶಕ್ಕೆ ಇನ್ನೂ ಬಂದಿಲ್ಲ. ಅಣ್ಣ ನನ್ನನ್ನು ದುರುಗುಟ್ಟಿ ನೋಡಿದ. (ಯಾವಾಗಲೂ ನನ್ನನ್ನೇ.) ಗ್ರಾಮಫೋನು ಜಗಲಿ ಏರಿತು.

ಆಗಬಾರದ್ದು ಆಗಲು ಒಂದೇ ಪ್ಲೇಟು ಸಾಕಾಯಿತು. ಚಪ್ಪರದಲ್ಲಿ ವಾಲಗದ ಓಬಳಪ್ಪ ಕೆನ್ನೆ ಉಬ್ಬಿಸಿ ಊದುತ್ತಿದ್ದ. ಜಗಲಿಯಲ್ಲಿ ರುದ್ರಪ್ಪ ಒಂದು ಹಾಸ್ಯದ ಹಾಡು ಹಾಕಿದ. ಜನ ಎದ್ದರು. ಮಕ್ಕಳು ಮೊದಲು, ಆಮೇಲೆ ಹೆಂಗಸರು, ಆಮೇಲೆ ‘ಆ ಮಕ್ಕಳನ್ನ ಕರ್ಕಂಬರ್ತೀನಿ’ ಎಂಬ ನೆವದಲ್ಲಿ ಗಂಡಸರು. ಕೊನೆಗೆ ಓಬಳಪ್ಪನ ಮುಂದೆ ಉಳಿದದ್ದು ಕಿವುಡ ತಾತ ಒಬ್ಬರೇ. ಅವರಿಗೂ ನಿದ್ದೆ ಬಂದಿತ್ತು.

ಓಬಳಪ್ಪ ಊದುವುದನ್ನು ನಿಲ್ಲಿಸಿ, ವಾದ್ಯವನ್ನು ಚೀಲಕ್ಕೆ ತುರುಕಿ, ಡೋಲಿನವನನ್ನೂ ಎಬ್ಬಿಸಿಕೊಂಡು ಹೋಗಿ ಹುಣಸೆಮರದ ಕೆಳಗೆ ಎಲೆಅಡಿಕೆ ಹಾಕಿಕೊಂಡು ಕೂತ.

ಮುಹೂರ್ತ ಹತ್ತಿರವಾಗಿತ್ತು. ಗಂಡಿನ ಕಡೆಯವರು ಜಗಳೂರಿನವರು. ಅವರಲ್ಲಿ ಗಂಡಿನ ಅಜ್ಜಿಯ ಮಾತೇ ಫೈನಲ್. ಆಕೆ ಕೋಲು ಊರಿಕೊಂಡು ಎದ್ದು ನಿಂತರು.

“ಗಟ್ಟಿಮೇಳ ಇಲ್ದೆ ತಾಳಿ ಕಟ್ಟಾಕೆ ನಾನು ಬಿಡಾಕಿಲ್ಲ. ಆ ಹೊತ್ನಾಗೆ ಯಾರಾನ ಸೀನಿದ್ರೆ? ಮಗು ಅತ್ರೆ? ಅದು ನಮ್ಮ ಹುಡುಗನ ಕಿವಿಗೆ ಬಿದ್ರೆ ಗತಿ ಏನ್ರಿ? ಟೈಮು ಮೀರಿದ್ರೆ ನಾವು ಬಸ್ಸು ಹತ್ತಾದೇ.”

ಗಟ್ಟಿಮೇಳ ಇರುವುದೇ ಅದಕ್ಕೆ. ಕೆಟ್ಟ ಸದ್ದು ಯಾವುದೂ ಕೇಳಿಸಬಾರದು. ಅಜ್ಜಿ ಹೇಳಿದ್ದು ತಪ್ಪೆಂದು ಯಾರೂ ಹೇಳುವಂತಿರಲಿಲ್ಲ.

ಅಣ್ಣ ಹೋಗಿ ಓಬಳಪ್ಪನ ಗದ್ದ ಹಿಡಿದ. “ಆ ತಗಡಿನ ಕೊಳವಿ ಐತಲ್ರಿ ಯಜಮಾನ್ರೆ, ಅದ್ರ ಕೈಲೇ ಊದಿಸ್ಕಳ್ರಿ” ಎಂದುಬಿಟ್ಟ ಅವನು. ನಾನು ಹೋದೆ. ನನ್ನ ಮದುವೆಯಲ್ಲಿ ಅವನು ಊದಿದ್ದು ಇವತ್ತಿಗೂ ಕಿವಿಯಲ್ಲಿದೆ ಎಂದೆ.

“ನಿಮ್ಮ ಮದುವಿಯಾಗೆ ನೀವೆಲ್ಲಿ ಕೇಳಿದ್ರಿ? ಲಾಡು ಕಟ್ಟಾ ಕಡೀಗೇ ಮುಖ ಮಾಡಿದ್ರಿ” ಎಂದ. ನಿಜ ಹೇಳುವವರ ಹತ್ತಿರ ಮುಖಸ್ತುತಿ ನಡೆಯುವುದಿಲ್ಲ.

ಮದುವೆ ಮಾಡಿಸುವ ಅಯ್ನೋರು ಹೊತ್ತಾಯಿತೆಂದು ಕೂಗಿದರು. ಮದುಮಗ ತಾಳಿ ಹಿಡಿದುಕೊಂಡು ಅಜ್ಜಿಯ ಮುಖ ನೋಡಿದ. ಅಜ್ಜಿ ರಸ್ತೆಯ ಕಡೆ ನೋಡಿದರು. ಗೌರಿ ತಲೆ ತಗ್ಗಿಸಿ ಕೂತಿದ್ದಳು, ಬಾಸಿಂಗದ ಕೆಳಗೆ ಅವಳ ತುಟಿ ನಡುಗುತ್ತಿತ್ತು. ನಗೆಯೆಲ್ಲ ಬದಿಗಿರಲಿ, ನಾನು ಎತ್ತಿ ಆಡಿಸಿದ ಮಗು. ಅವಳ ಮದುವೆ ಒಂದು ಪೆಟ್ಟಿಗೆಯ ದೆಸೆಯಿಂದ ಮುರಿಯಬೇಕೇ? ಅಕ್ಕನ ಹಿಂದೆ ಸೆರಗು ಹಿಡಿದು ನಿಲ್ಲಬೇಕಾಗಿದ್ದ ಸರೋಜ ಎಲ್ಲಿ?

ಕಿರ್, ಕಿರ್, ಕಿರ್ ಎಂದು ಜಗಲಿಯಿಂದ ಕೀಲಿ ತಿರುಗಿಸುವ ಸದ್ದು ಬಂತು.

‘ಹೋದೆಯಾ ಪ್ರಾಣನಾಥಾಆಆ!’

ಚಪ್ಪರವೇ ಹಾಹಾಕಾರ ಮಾಡಿತು. ಅಜ್ಜಿ ಕೋಲು ಬಿಸಾಕಿ ಮೊಮ್ಮಗನ ಕಿವಿ ಮುಚ್ಚಿದರು. ಅಣ್ಣ ಜಗಲಿಗೆ ಹಾರಿದ. ರುದ್ರಪ್ಪ ಪೆಟ್ಟಿಗೆಗೆ ಅಡ್ಡ ನಿಂತು, “ಮುಟ್ಬ್ಯಾಡ್ರಿ! ಮುಳ್ಳು ಗೀರಿದ್ರೆ ಪ್ಲೇಟು ಹೋಗ್ತೈತೆ!” ಎಂದು ಕೂಗಿದ. ಅಡುಗೆಯವರು ಕೊಪ್ಪರಿಗೆಗೆ ಸೌಟು ಬಡಿಯತೊಡಗಿದರು. ನಾನು ಏನು ಮಾಡುವುದೆಂದು ತಿಳಿಯದೆ ಜೋರಾಗಿ ಕೆಮ್ಮಿದೆ. ರಾಣಿ ಇದ್ಯಾವುದಕ್ಕೂ ಜಗ್ಗದೆ ಎರಡನೇ ಸಾಲಿಗೆ ಹೋದಳು.

ಹುಣಸೆಮರದ ಕೆಳಗೆ ಓಬಳಪ್ಪ ಬಾಯಲ್ಲಿದ್ದ ಎಲೆಅಡಿಕೆಯನ್ನು ಥೂ ಎಂದು ಉಗಿದ.

“ತಾಳಿ ಹೊತ್ನಾಗೆ ಇದ್ಯಾವ ಹೆಣದ ಹಾಡ್ರಿ! ಏಯ್, ಬಡಿಯೋ ಡೋಲು!”

ಎಂಥ ಗಟ್ಟಿಮೇಳ! ಚನ್ನಗಿರಿಯಲ್ಲಿ ಅಂಥದ್ದು ಹಿಂದೆ ಆಗಿಲ್ಲ. ರಾಣಿಯ ದನಿ ಎಲ್ಲಿ ಅಡಗಿತೋ ಏನೋ. ಕಿವುಡ ತಾತ ಎಚ್ಚರಗೊಂಡು ಅಕ್ಷತೆ ಹಾಕಿದರು. ಮದುಮಗ ತಾಳಿ ಕಟ್ಟಿದ. ಗೌರಿ ಅಳುತ್ತಾ ನಕ್ಕಳು. ನಾನೂ ಅಷ್ಟೇ.

ಆಮೇಲೆ ಹಿತ್ತಲಲ್ಲಿ ಸರೋಜಳ ಕಿವಿ ಹಿಡಿದೆ.

“ಬೇಕಂತ್ಲೇ ಹಾಕ್ದೇನೇ?”

“ಮತ್ತೇನು ಮಾಡ್ಲಿ? ಅಪ್ಪಾಜಿ ಗದ್ದ ಹಿಡಿದ್ರು, ನೀವು ಹೊಗಳಿದ್ರಿ. ಊದಿದ್ರಾ? ವಾಲಗದೋರು ಮಾತಿಗೆ ಏಳಾಕಿಲ್ಲ ಚಿಕ್ಕಪ್ಪ. ಅಪಶಕುನದ ಸದ್ದು ಬಿದ್ರೆ ಸುಮ್ನೆ ಕುಂದ್ರಾಕೂ ಅವ್ರಿಗೆ ಆಗಾಕಿಲ್ಲ.”

“ಅವನು ಏಳದೇ ಇದ್ದಿದ್ರೆ?”

“ಅದನ್ನ ಯೋಚ್ನೆ ಮಾಡಾಕೆ ಟೈಮೇ ಇರ್ಲಿಲ್ಲ” ಎಂದಳು. ಕಿವಿ ಬಿಟ್ಟೆ.

ಊಟವಾಯಿತು. ಆ ದರಿದ್ರ ಪೆಟ್ಟಿಗೆಯನ್ನು ಈಗಲೇ ಗಾಡಿಗೆ ಏರಿಸಿ ಎಂದು ಅಣ್ಣ ಅಬ್ಬರಿಸುತ್ತಿದ್ದ. ಇನ್ನುಮುಂದೆ ಸರೋಜಳಿಗೆ ಬಸ್ಸಿಲ್ಲ, ಬಜ್ಜಿಯಿಲ್ಲ, ಹಾಡಂತೂ ಇಲ್ಲವೇ ಇಲ್ಲ. ಅಷ್ಟರಲ್ಲಿ ಜಗಳೂರಿನ ಅಜ್ಜಿ ಜಗಲಿಗೆ ಬಂದು ಗ್ರಾಮಫೋನಿನ ಎದುರು ಚಕ್ಕಂಬಕ್ಕಳ ಹಾಕಿ ಕೂತರು.

“ಏನವ್ವಾ ಹುಡುಗಿ, ತಾಳಿ ಆತು, ಊಟಾನೂ ಆತು. ಇನ್ನ ಆ ಹಾಡು ಪೂರ್ತಿ ಹಾಕು. ಆ ಗಂಡ ಎದ್ನೋ ಇಲ್ವೋ?”

ಬೀಗರ ಮಾತು ಮೀರುವುದುಂಟೇ? ಸರೋಜ ಕೀಲಿ ಕೊಟ್ಟಳು. ರಾಣಿ ಅತ್ತಳು. ಅಜ್ಜಿಯೂ ಅತ್ತರು. ಓಬಳಪ್ಪ ಕೊಳವೆಯ ಪಕ್ಕದಲ್ಲೇ ಕೂತು ತೊಡೆಯ ಮೇಲೆ ಬೆರಳಾಡಿಸುತ್ತಿದ್ದ. ನಮ್ಮಣ್ಣ ಕಂಬದ ಹಿಂದೆ ನಿಂತು ಚಪ್ಪರದ ಗಳ ಎಣಿಸುವವನಂತೆ ಮೇಲೆ ನೋಡುತ್ತಿದ್ದ. ಪ್ಲೇಟು ಮುಗಿದು ಸರೋಜ ಮುಳ್ಳು ಎತ್ತಿದಾಗ ಕಂಬದ ಹಿಂದಿನಿಂದ ಮೆಲ್ಲಗೆ ಒಂದು ದನಿ ಬಂತು.

“ಅದಕ್ಕೆ ಇನ್ನೊಂದು ಮಗ್ಗಲು ಐತೇನು ನೋಡವ್ವಾ.”

ಅಲ್ಲಾ ಸ್ವಾಮಿ, ನಾವು ಹಿರಿಯರು ಇಷ್ಟು ದಿನ ಬೈದದ್ದು ಹಾಡನ್ನೋ, ಅದನ್ನು ನಮಗಿಂತ ಮೊದಲು ಕೇಳಿಬಿಟ್ಟ ಮಕ್ಕಳನ್ನೋ?