ತೊಳೆದು ಹಾಳಾದ ಕಾರು

ಆಗ ಶಿವಮೊಗ್ಗದ ಬಸ್ ಸ್ಟಾಂಡಿನ ಹಿಂದೆ ನನ್ನದೊಂದು ಟಿಂಕರಿಂಗ್ ಶೆಡ್ ಇತ್ತು. ನಜ್ಜುಗುಜ್ಜಾದ ಕಾರು, ಬಸ್ಸುಗಳ ಮೈಯನ್ನು ಬಡಿದು ಸರಿಮಾಡುವುದು ನನ್ನ ಕೆಲಸ. ಕೈ ನಿಧಾನ, ಬಾಯಿ ಜೋರು. ಗಿರಾಕಿಗಳನ್ನು ಬೈಯದೆ ನನಗೆ ಸುತ್ತಿಗೆ ಎತ್ತಲು ಬರುತ್ತಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತರ ಆಚೀಚೆ ಒಂದು ದಿನ ಭದ್ರಾವತಿಯ ಟ್ಯಾಕ್ಸಿ ಡ್ರೈವರೊಬ್ಬ ತನ್ನ ಕಾರು ತಂದ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಗಾಡಿ. ಆದರೂ ಅದರ ಕಪ್ಪು ಬಣ್ಣದಲ್ಲಿ ಮುಖ ನೋಡಿಕೊಂಡು ಕ್ರಾಪು ಬಾಚಬಹುದಿತ್ತು. ದಿನಾ ಬೆಳಿಗ್ಗೆ ಭದ್ರಾ ಹೊಳೆಯ ದಂಡೆಗೆ ಒಯ್ದು, ಒಳಗೂ ಹೊರಗೂ ಕೊಡಗಟ್ಟಲೆ ನೀರು ಹೊಯ್ದು ತೊಳೆಯುತ್ತಿದ್ದನಂತೆ. ಹೆಂಡತಿಗಿಂತ ಕಾರಿನ ಮೇಲೇ ಪ್ರೀತಿ ಜಾಸ್ತಿ ಎಂದು ಟ್ಯಾಕ್ಸಿ ಸ್ಟಾಂಡಿನವರು ರೇಗಿಸುತ್ತಿದ್ದರು. ಆ ಕಾರು ಬಿಟ್ಟರೆ ಅವನ ಮನೆಗೆ ಬೇರೆ ದುಡಿಮೆ ಇರಲಿಲ್ಲ.

"ಹಿಂದಿನ ಬಾಗ್ಲು ಸರಿಯಾಗಿ ಕೂರ್ತಾ ಇಲ್ಲ ಸಾಬ್ರೇ. ಹಿಂಜ್ ಸವೆದಿರ್ಬೇಕು. ಮುಂದಿನ ವಾರ ಇನ್‌ಸ್ಪೆಕ್ಟರ್ ಗಾಡಿ ನೋಡ್ತಾರೆ. ಪಾಸಾಗ್ದಿದ್ರೆ ಟ್ಯಾಕ್ಸಿ ನಿಂತಂಗೇ."

ಹಿಂಜ್ ಗಟ್ಟಿಯಾಗಿಯೇ ಇತ್ತು. ಬಾಗಿಲುಗಳ ಕೆಳಗೆ ಉದ್ದಕ್ಕೂ ಒಂದು ಟೊಳ್ಳು ತಗಡಿನ ಪೆಟ್ಟಿಗೆ ಇರುತ್ತದೆ. ಬಾಗಿಲು ಹಿಡಿಯುವ ಕಂಬ ನಿಲ್ಲುವುದು ಅದರ ಮೇಲೆ. ಅದನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದೆ. ಮುಂದೆ ಠಣ್ ಎನ್ನುತ್ತಿದ್ದದ್ದು ಹಿಂದೆ ಹೋದಂತೆ ಥಪ್ ಥಪ್ ಎನ್ನತೊಡಗಿತು. ಸ್ಕ್ರೂಡ್ರೈವರ್ ಒತ್ತಿದೆ. ಹೊಳೆಯುವ ಬಣ್ಣ ಸೀಳಿಕೊಂಡು ಹಿಡಿಯವರೆಗೂ ಒಳಗೆ ಹೋಯಿತು. ಎಳೆದಾಗ ಕೆಂಪು ಕೆಸರು ಸುರಿಯಿತು.

"ಅಯ್ಯೋ, ತೂತು ಮಾಡ್ಬಿಟ್ರಲ್ಲ!"

"ತೂತು ಮಾಡಿದ್ದು ತುಕ್ಕು ಮಾರಾಯ. ನಾನು ಬರೀ ಬಣ್ಣ ಸರಿಸಿದೆ."

"ಮೇಲೊಂದು ತಗಡು ಬಡಿದು ಬಣ್ಣ ಹೊಡೆದ್ಬಿಡಿ. ಯಾರಿಗೂ ಕಾಣಲ್ಲ."

"ಬಸುರಿ ಹೆಂಗಸ್ರನ್ನ ಆಸ್ಪತ್ರೆಗೆ ಕರ್ಕೊಂಡು ಬರ್ತೀಯ. ಬಾಗ್ಲಿಗೆ ಒರಗಿ ಕೂತವ್ರು ರಸ್ತೆಗೆ ಬಿದ್ರೆ ಕಾಣುತ್ತಾ?" ಎಂದೆ.

ಕತ್ತರಿಸತೊಡಗಿದೆ. ತುಕ್ಕು ಮುಗಿಯಿತು ಅನ್ನಿಸಿದಲ್ಲಿ ಬಣ್ಣ ಕೆರೆದರೆ ಇನ್ನೊಂದು ಗೇಣು ಹೋಗಿರುತ್ತಿತ್ತು. ಗಟ್ಟಿ ತಗಡು ಸಿಗುವವರೆಗೆ ಬೆಸುಗೆ ಕಚ್ಚುವುದಿಲ್ಲ. ಕಂಬದ ಬುಡವೂ ತಿಂದುಹೋಗಿದ್ದರೆ ನಿನ್ನ ಕಾರು ನಿಮ್ಮೂರ ಕಬ್ಬಿಣದ ಕಾರ್ಖಾನೆಯ ಕುಲುಮೆಗೇ ಎಂದು ಮೊದಲೇ ಹೇಳಿದ್ದೆ. ಅವನು ಕುಕ್ಕರಗಾಲಲ್ಲಿ ಕೂತು, ಒಂದೊಂದು ತುಂಡು ಬಿದ್ದಾಗಲೂ ನನ್ನ ಮುಖ ನೋಡುತ್ತಿದ್ದ. ಕೊನೆಗೆ ಬುಡದಲ್ಲಿ ಉಕ್ಕು ಬೆಳ್ಳಗೆ ಮಿಂಚಿತು. ನನಗೇ ಎದೆ ಹಗುರಾಯಿತು.

ಇಷ್ಟು ನೀರು ನಿಂತದ್ದಾದರೂ ಹೇಗೆ? ಕತ್ತರಿಸಿದ ತುಂಡನ್ನು ತಿರುಗಿಸಿದೆ. ನೀರಿಳಿಯಲೆಂದು ಅಡಿಯಲ್ಲಿ ಬಿಟ್ಟಿದ್ದ ತೂತುಗಳಿಗೆಲ್ಲ ಯಾರೋ ಬಟ್ಟೆ ತುರುಕಿ, ಮೇಣ ಮೆತ್ತಿ, ಮೇಲೆ ಡಾಂಬರು ಬಳಿದಿದ್ದರು. ಅಷ್ಟು ನೀಟಾದ ಕೆಲಸ.

"ಯಾವ ಪುಣ್ಯಾತ್ಮ ಮುಚ್ಚಿದ್ದು ಇದನ್ನ?" ಎಂದು ಕೂಗಾಡಿದೆ.

"ನಾನೇ. ಧೂಳು ಒಳಗೆ ಬರ್ತಿತ್ತು. ಹೆಂಗಸ್ರ ಸೀರೆ ಕೆಂಪಾಗ್ತಿತ್ತು."

"ತೊಳೆದು ತೊಳೆದೇ ಕೊಲ್ತಿದ್ದೆಯಲ್ಲೋ ಮಾರಾಯ!"

ಅವನು ಆ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಮೇಣ ಕೆರೆಯುತ್ತ ಕೂತ.

ಹೊಸ ತಗಡು ಬೆಸೆದು, ಒಳಗೂ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಅಡಿಯಲ್ಲಿ ಮತ್ತೆ ತೂತು ಕೊರೆದೆ. ಬಾಗಿಲು ಸರಿಯಾಗಿ ಕೂತಿತು. ಗಾಡಿ ಪಾಸಾಯಿತು.

ಕೆಲವು ತಿಂಗಳ ಮೇಲೆ ಟ್ಯಾಕ್ಸಿ ಸ್ಟಾಂಡಿನಲ್ಲಿ ಆ ಕಾರು ಕಂಡಾಗ ಗುರುತೇ ಸಿಗಲಿಲ್ಲ. ಮೈಯೆಲ್ಲ ಕೆಂಪು ಧೂಳು. ಜನ ಅದನ್ನು ದಾಟಿ ಹಿಂದಿನ ಗಾಡಿ ಹತ್ತುತ್ತಿದ್ದರು.

"ತೊಳೀಬಾರ್ದೇನೋ?"

"ನೀರು ಹೊಯ್ಯೋಕೆ ಕೈಯೇ ಬರಲ್ಲ ಸಾಬ್ರೇ. ಮತ್ತೆ ಒಳಗೇ ನಿಂತ್ಬಿಟ್ರೆ?"

ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ. ಕಾರನ್ನು ಶೆಡ್ಡಿಗೆ ತರಿಸಿ, ನೀರಿನ ಕೊಡ ಅವನ ಮುಂದಿಟ್ಟೆ. ಬಾಗಿಲು ತೆಗೆದು ಒಳಗೆ ಒಂದು ಚೊಂಬು ಹೊಯ್ದವನೇ ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಕಾರಿನ ಅಡಿಗೆ ನೋಡಿದ. ನೀರು ಮೊದಲು ತೊಟ್ಟಿಕ್ಕಿತು, ಆಮೇಲೆ ಸಣ್ಣಗೆ ಧಾರೆಯಾಗಿ ಇಳಿಯಿತು. ಕೊನೆಯ ಹನಿ ಬೀಳುವವರೆಗೂ ಅವನು ಏಳಲಿಲ್ಲ.

ಎದ್ದು, ಕೆನ್ನೆಯ ಮಣ್ಣು ಒರೆಸಿಕೊಳ್ಳದೆ, "ಇನ್ನೊಂದು ಕೊಡ ತುಂಬಿ ಸಾಬ್ರೇ," ಎಂದ.